ಖೋಕಾದ ಕಟ್ಟಿಗೆ

ಸೇಡಂ, ಚಿತ್ತಾಪುರಗಳ ಕಟ್ಟಿಗೆ ಅಡ್ಡೆಗಳಲ್ಲಿ ಬಾಗಿಲ ಚೌಕಟ್ಟು ಕೇಳುವ ಗಿರಾಕಿಗೆ ಈಗ ಸಾಗವಾನಿಯ ಪಕ್ಕದಲ್ಲೇ ಇನ್ನೊಂದು ಹಲಗೆಯನ್ನೂ ಎಳೆದು ತೋರಿಸುತ್ತಾರೆ. ಅದು ಹೊರದೇಶದಿಂದ ಹಡಗೇರಿ ಬಂದ, ತಿಳಿಹಳದಿ ಬಣ್ಣದ, ಕೊಯ್ದ ಕೂಡಲೇ ರಾಳದ ವಾಸನೆ ಬಿಡುವ ಪೈನ್. ಇದೇ ಮರವನ್ನು ಐದು ದಶಕಗಳ ಹಿಂದೆ ವಾಡಿ, ಶಹಾಬಾದುಗಳ ಬಡಿಗೇರ ಓಣಿಗಳಲ್ಲಿ ‘ಖೋಕಾದ ಕಟ್ಟಿಗಿ’ ಎನ್ನುತ್ತಿದ್ದರು. ಸಾಮಾನು ತುಂಬಿ ಬಂದ ಪೆಟ್ಟಿಗೆಯನ್ನು ಒಡೆದು ತೆಗೆದ ಕಟ್ಟಿಗೆ ಎಂಬುದು ಅದರ ಅರ್ಥ. ಒಲೆಗೆ, ಕೋಳಿಗೂಡಿಗೆ, ಬಡವರ ಮನೆಯ ಗೂಡು ಹಲಗೆಗೆ ಮಾತ್ರ ಅದು ಯೋಗ್ಯ ಎಂಬ ತೀರ್ಮಾನ ಆ ಮಾತಿನೊಳಗೇ ಇತ್ತು. ಆ ತೀರ್ಮಾನ ಹೇಗೆ ಹುಟ್ಟಿತು, ಅದರಲ್ಲಿ ಎಷ್ಟು ಅನುಭವವಿತ್ತು, ಎಷ್ಟು ಅಭಿಮಾನವಿತ್ತು ಎಂಬುದನ್ನು ತೂಗಿ ನೋಡುವ ಕಾಲ ಈಗ ಬಂದಿದೆ. ಆ ಓಣಿಯೊಂದರ ಕೆಲಸದ ಚಪ್ಪರದಲ್ಲಿ ಬಾಲ್ಯದ ಒಂದು ಭಾಗವನ್ನು ಕಳೆದ ಈ ಲೇಖಕನಿಗೆ ಅದು ಮರದ ವಿಚಾರವಷ್ಟೇ ಅಲ್ಲ, ಕೆಲವು ಮನುಷ್ಯರ ವಿಚಾರವೂ ಹೌದು.

ಕಾಗಿಣಾ ಮತ್ತು ಭೀಮಾ ನದಿಗಳ ನಡುವಿನ ಈ ಸೀಮೆ ಮೂಲತಃ ಕಲ್ಲಿನ ಸೀಮೆ. ಶಹಾಬಾದಿನ ಫರ್ಷಿ, ಅಂದರೆ ಪದರುಪದರಾಗಿ ಏಳುವ ಸುಣ್ಣಕಲ್ಲಿನ ಚಪ್ಪಡಿ, ನೆಲಕ್ಕೆ, ಗೋಡೆಗೆ, ಮಾಳಿಗೆಗೆ, ಮೆಟ್ಟಿಲಿಗೆ ಎಲ್ಲಕ್ಕೂ ಒದಗುತ್ತಿದ್ದುದರಿಂದ ಕಟ್ಟಿಗೆಗೆ ಉಳಿಯುತ್ತಿದ್ದ ಪಾಲು ಚಿಕ್ಕದು: ತೊಲೆ, ಜಂತಿ, ಬಾಗಿಲು, ಕೃಷಿಯ ಸಾಮಾನು. ಆ ಚಿಕ್ಕ ಪಾಲನ್ನು ತುಂಬುತ್ತಿದ್ದವು ಎರಡು ಮೂರು ಮರಗಳು. ಗಾಲಿಗೆ, ರಂಟೆಗೆ, ಕುಂಟೆಗೆ ಜಾಲಿ. ಬಡವರ ಬಾಗಿಲಿಗೆ ಬೇವು. ಉಳ್ಳವರ ವಾಡೆಯ ಚೌಕಟ್ಟಿಗೂ ಕಂಬಕ್ಕೂ ಸಾಗವಾನಿ. ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆಯ ಒಣ ಎಲೆಯುದುರು ಕಾಡು ಈ ಬಯಲಿಗೆ ಹತ್ತಿರದ ದೊಡ್ಡ ಕಾಡಾಗಿತ್ತು. ಸೂಜಿಯಂಥ ಎಲೆ ಬಿಟ್ಟು, ಹೂವಿನ ಬದಲು ಶಂಕುವಿನಾಕಾರದ ಕಾಯಿಯಲ್ಲಿ ಬೀಜ ಕಟ್ಟುವ ಮರಗಳು ಈ ಸೀಮೆಯ ಕಾಡಿನಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಪೈನ್, ದೇವದಾರು, ಸ್ಪ್ರೂಸ್, ಫರ್ ಇವೆಲ್ಲ ಇಲ್ಲಿನ ಜನರಿಗೆ ನಿಂತ ಮರವಾಗಿ ಪರಿಚಯವಾಗದೆ, ಕೊಯ್ದು ಮೊಳೆ ಹೊಡೆದ ಹಲಗೆಯಾಗಿಯೇ ಪರಿಚಯವಾದವು.

ಅವು ಬಂದದ್ದು ರೈಲಿನ ದಾರಿಯಲ್ಲಿ. ಮುಂಬಯಿಯಿಂದ ರಾಯಚೂರಿನತ್ತ ಸಾಗಿದ ಹಳಿ 1871ರ ಹೊತ್ತಿಗೆ ಈ ಭಾಗವನ್ನು ದಾಟಿತು. 1874ರಲ್ಲಿ ನಿಜಾಮ ಸಂಸ್ಥಾನದ ರೈಲುಮಾರ್ಗ ವಾಡಿಯಿಂದ ಸಿಕಂದರಾಬಾದಿಗೆ ತೆರೆಯಿತು. ಹಳಿಯ ಕೆಳಗೆ ಅಡ್ಡಲಾಗಿ ಹಾಸುವ ಸ್ಲೀಪರ್ ತೊಲೆಗಳಿಗೆ ಆಗಿನ ಭಾರತದ ರೈಲ್ವೆಗಳು ಸಾಲ, ಸಾಗವಾನಿ, ಹಿಮಾಲಯದ ದೇವದಾರುಗಳನ್ನು ಬಳಸಿದವು. ಆರಂಭದ ವರ್ಷಗಳಲ್ಲಿ ಯುರೋಪಿನ ಉತ್ತರಭಾಗದ ಪೈನನ್ನು ಕ್ರಿಯೋಸೋಟ್ ಎಂಬ ಕಲ್ಲಿದ್ದಲ ಎಣ್ಣೆಯಲ್ಲಿ ನೆನೆಸಿ ಹಡಗಿನಲ್ಲಿ ತರಿಸಿದ್ದೂ ಉಂಟು. 1864ರಲ್ಲಿ ವಸಾಹತು ಸರ್ಕಾರ ಅರಣ್ಯ ಇಲಾಖೆಯನ್ನು ಕಟ್ಟಿದ್ದರ ಹಿಂದೆ ಈ ಸ್ಲೀಪರುಗಳ ಹಸಿವು ದೊಡ್ಡ ಕಾರಣವಾಗಿತ್ತು. ಸಿಮೆಂಟ್ ಸ್ಲೀಪರ್ ಬಂದು ಮರದವು ಹೊರಬಿದ್ದಾಗ ಹರಾಜಿನಲ್ಲಿ ಹೋದ ಕಪ್ಪು ತೊಲೆಗಳು ವಾಡಿ, ಶಹಾಬಾದ್ ಸುತ್ತಲಿನ ಎಷ್ಟೋ ಮನೆಗಳ ಬಾಗಿಲ ಮೇಲಿನ ಅಡ್ಡತೊಲೆಗಳಾಗಿ ಸೇರಿಕೊಂಡವು.

ಆದರೆ ತೆಳುಹಲಗೆಯ ಪೈನ್ ಬಂದದ್ದು ಕಾರ್ಖಾನೆಗಳ ಜೊತೆ. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ, ಅಲ್ಲಿನ ಭಾರೀ ಯಂತ್ರಗಳ ಕಾರ್ಖಾನೆ, 1968ರಲ್ಲಿ ಶುರುವಾದ ವಾಡಿಯ ಸಿಮೆಂಟ್ ಕಾರ್ಖಾನೆ, ಆಮೇಲೆ ಕುರಕುಂಟಾ, ಮಳಖೇಡ, ಸೇಡಂಗಳ ಕಾರ್ಖಾನೆಗಳು. ಒಂದೊಂದಕ್ಕೂ ಯಂತ್ರದ ಭಾಗಗಳು ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು, ಖಾಲಿ ಪೆಟ್ಟಿಗೆಗಳು ಗುತ್ತಿಗೆದಾರರ ಕೈಸೇರಿ ಓಣಿಗೆ ಇಳಿಯುತ್ತಿದ್ದವು. ಹಿಮಾಚಲದ ಸೇಬು ತುಂಬಿ ಬಂದ ಸಣ್ಣ ಪೆಟ್ಟಿಗೆಗಳು ಇದಕ್ಕೆ ಸೇರಿಕೊಳ್ಳುತ್ತಿದ್ದವು. ಅವನ್ನು ರಟ್ಟಿನ ಪೆಟ್ಟಿಗೆಗಳು ಹಿಂದಕ್ಕೆ ತಳ್ಳಿದ್ದು ನಂತರದ ಮಾತು.

ಈ ಲೇಖಕ ಹುಡುಗನಾಗಿ ಕಂಡ ಕೆಲಸದ ಚಪ್ಪರ ವಾಡಿಯ ಸ್ಟೇಷನ್ನಿಗೆ ದೂರವಿರಲಿಲ್ಲ. ಅದರ ಯಜಮಾನರು ಚಿಂಚೋಳಿ ಕಡೆಯ ಪಾಂಚಾಳ ಮನೆತನದವರು. ಅವರ ತಂದೆಯ ಕಾಲದವರೆಗೂ ಆ ಮನೆ ಆಯದ ಮೇಲೆ ನಡೆದಿತ್ತು: ವರ್ಷವಿಡೀ ರೈತರ ರಂಟೆ, ಕೂರಿಗೆ, ಬಂಡಿ ದುರಸ್ತಿ ಮಾಡಿಕೊಡುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳವನ್ನೂ ತೊಗರಿಯನ್ನೂ ಅಳೆಸಿಕೊಂಡು ಬರುವುದು. ಕಬ್ಬಿಣದ ಕೂರಿಗೆಯೂ ಟ್ರ್ಯಾಕ್ಟರೂ ಬಂದು ಆಯ ಸವೆದ ಮೇಲೆ ಅವರು ಕಾರ್ಖಾನೆಯ ಊರಿಗೆ ಇಳಿದುಬಂದಿದ್ದರು. ಬಾಚಿ ಹಿಡಿದು ಜಾಲಿಯ ದಿಮ್ಮಿಯಿಂದ ಗಾಲಿಯ ಗುಂಬವನ್ನು ತೆಗೆಯಬಲ್ಲ ಆ ಕೈಗಳಿಗೆ ಮುಕ್ಕಾಲು ಅಂಗುಲ ದಪ್ಪದ ಪೈನ್ ಹಲಗೆ ಅವಮಾನದಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಸಾಗವಾನಿ ಬಂದ ದಿನ ಅವರು ಸ್ನಾನ ಮಾಡಿ, ದಿಮ್ಮಿಗೆ ಕುಂಕುಮ ಹಚ್ಚಿ, ಆಮೇಲೆ ಗರಗಸ ಮುಟ್ಟುತ್ತಿದ್ದರು; ಖೋಕಾ ಬಂದ ದಿನ ಅದನ್ನು ಹುಡುಗರ ಕಡೆಗೆ ಕಾಲಿನಿಂದ ಸರಿಸುತ್ತಿದ್ದರು.

ಪೆಟ್ಟಿಗೆ ಒಡೆಯುವುದು ಹಾಗಾಗಿ ಹುಡುಗರ ಕೆಲಸವಾಗಿತ್ತು, ಮೊಳೆ ನೆಟ್ಟಗೆ ಮಾಡುವುದು ಯಜಮಾನರ ಹಿರಿಯ ಮಗಳ ಕೆಲಸವಾಗಿತ್ತು. ಜಂಬೂರದಿಂದ, ಅಂದರೆ ಮೊಳೆ ಕೀಳುವ ಇಕ್ಕಳದಿಂದ, ಹಲಗೆ ಸೀಳದಂತೆ ಮೊಳೆ ಎತ್ತುವುದು ಸಣ್ಣ ಕೌಶಲವೇನಲ್ಲ: ಮೊಳೆಯ ತಲೆಯ ಪಕ್ಕ ಒಂದು ಚೂರು ಹಲಗೆ ಇಟ್ಟು, ಅದನ್ನು ಆಧಾರ ಮಾಡಿಕೊಂಡು, ನಾರಿನ ಉದ್ದಕ್ಕೆ ಬಾಗಿಸಬೇಕೇ ಹೊರತು ಅಡ್ಡಕ್ಕೆ ಬಾಗಿಸಿದರೆ ಪೈನ್ ತಕ್ಷಣ ಸೀಳಿಬಿಡುತ್ತದೆ. ಆ ಹುಡುಗಿ ಫರ್ಷಿಯ ತುಂಡೊಂದರ ಮೇಲೆ ಮೊಳೆಗಳನ್ನು ಉರುಳಿಸುತ್ತ, ಬೆನ್ನು ಎದ್ದ ಜಾಗಕ್ಕೆ ಮಾತ್ರ ಸುತ್ತಿಗೆ ಕೊಡುತ್ತ, ಅಳತೆಯ ಪ್ರಕಾರ ಡಬ್ಬಿಗಳಲ್ಲಿ ಬೇರೆ ಮಾಡಿಡುತ್ತಿದ್ದಳು. ರಂದಾ ಹಿಡಿಯುವುದೂ ಅವಳಿಗೆ ಬರುತ್ತಿತ್ತು. ತಂದೆ ಊಟಕ್ಕೆ ಹೋದಾಗ ಅವಳು ನುಣುಪು ಮಾಡಿಟ್ಟ ಹಲಗೆಗಳನ್ನು ಸಂಜೆ ಗಿರಾಕಿ ಹೊತ್ತೊಯ್ದದ್ದುಂಟು. ಆದರೂ ಆ ಚಪ್ಪರದಲ್ಲಿ ಅವಳನ್ನು ಯಾರೂ ಕೆಲಸಗಾರಳೆಂದು ಎಣಿಸಲಿಲ್ಲ, ಅವಳ ಕೆಲಸಕ್ಕೆ ಕೂಲಿಯ ಲೆಕ್ಕವೂ ಇರಲಿಲ್ಲ.

ಪೈನನ್ನು ‘ಮೆದು ಮರ’ ಎಂದು ವರ್ಗೀಕರಿಸುವ ಸಸ್ಯಶಾಸ್ತ್ರಕ್ಕೂ ಉಗುರಿನಿಂದ ಒತ್ತಿ ನೋಡುವ ಬಡಗಿಗೂ ಮೆದುತನದ ಅಳತೆ ಒಂದೇ ಅಲ್ಲ. ಶಾಸ್ತ್ರದ ಲೆಕ್ಕದಲ್ಲಿ ಶಂಕುಧಾರಿ ಮರಗಳೆಲ್ಲ ಮೆದು ಮರಗಳು, ಅಗಲ ಎಲೆಯ ಮರಗಳೆಲ್ಲ ಗಟ್ಟಿ ಮರಗಳು. ಹಾಗಾಗಿ ನಮ್ಮ ಹೊಲದ ಬದುವಿನ ಬೂರುಗ, ಹಾಲವಾಣಗಳು ಪೈನಿಗಿಂತ ಎಷ್ಟೋ ಹಗುರಾಗಿದ್ದರೂ ಗಟ್ಟಿ ಮರದ ಪಟ್ಟಿಯಲ್ಲೇ ಬರುತ್ತವೆ. ನಿಜವಾದ ವ್ಯತ್ಯಾಸ ಮರದ ಒಳಗಿನ ಕಟ್ಟಡದಲ್ಲಿದೆ. ಸಾಗವಾನಿಯಲ್ಲಿ, ಬೇವಿನಲ್ಲಿ ನೀರು ಹರಿಸಲು ಅಗಲವಾದ ಕೊಳವೆಗಳು ಬೇರೆ, ಭಾರ ಹೊರಲು ನಾರುಗಳು ಬೇರೆ. ಶಂಕುಧಾರಿಗಳಲ್ಲಿ ಈ ಎರಡೂ ಕೆಲಸವನ್ನು ಒಂದೇ ಬಗೆಯ ಜೀವಕೋಶ ಮಾಡುತ್ತದೆ. ಟ್ರೇಕೀಡ್ ಎಂಬ, ಮೂರು ನಾಲ್ಕು ಮಿಲಿಮೀಟರ್ ಉದ್ದದ ಈ ತೆಳು ಕೋಶಗಳು ಜೋಳದ ದಂಟಿನ ಸಿವುಡಿನಂತೆ ಒತ್ತೊತ್ತಾಗಿ ನಿಂತು ಮರದ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗವನ್ನು ತುಂಬಿರುತ್ತವೆ. ಹೀಗೆ ಒಂದೇ ಬಗೆಯ ಕೋಶಗಳಿಂದ ಆಗಿರುವುದರಿಂದ ಪೈನಿನ ನಾರು ನೇರ, ಸೀಳು ನೇರ, ತೂಕಕ್ಕೆ ಹೋಲಿಸಿದರೆ ಬಲ ಹೆಚ್ಚು. ಚೆನ್ನಾಗಿ ಒಣಗಿದ ಹಿಮಾಲಯದ ಚೀರ್ ಪೈನಾಗಲಿ ದೇವದಾರಾಗಲಿ ಘನಮೀಟರಿಗೆ ಸುಮಾರು 550ರಿಂದ 580 ಕಿಲೋ ತೂಗಿದರೆ ಸಾಗವಾನಿ 650ರ ಸುಮಾರಿಗೆ, ಜಾಲಿ 800ರ ಆಸುಪಾಸಿಗೆ ಬರುತ್ತದೆ. ದೇವದಾರಿಗೂ ಸಾಗವಾನಿಗೂ ತೂಕದಲ್ಲಿರುವ ಅಂತರ ಓಣಿಯ ಮಾತಿನಲ್ಲಿದ್ದ ಅಂತರಕ್ಕಿಂತ ಬಹಳ ಕಡಿಮೆ.

ಒಣಹಲಗೆಯ ಮೇಲೆ ಕಾಣುವ ತಿಳಿ ಮತ್ತು ಕಡು ಪಟ್ಟೆಗಳು ವರ್ಷದ ಉಂಗುರಗಳು. ವಸಂತದಲ್ಲಿ ಮರ ಬೇಗ ಬೆಳೆದಾಗ ತೆಳುಗೋಡೆಯ ಕೋಶಗಳೂ, ಬೆಳವಣಿಗೆ ನಿಧಾನವಾದಾಗ ದಪ್ಪಗೋಡೆಯ ಕೋಶಗಳೂ ಕೂಡುತ್ತವೆ. ತಿಳಿಪಟ್ಟೆ ಮೆತ್ತಗೆ, ಕಡುಪಟ್ಟೆ ಗಟ್ಟಿ. ಪೈನಿನ ಕೆಲಸದ ಹೆಚ್ಚಿನ ತೊಡಕುಗಳ ಮೂಲ ಇಲ್ಲಿದೆ. ಮೊಂಡು ಅಲಗು ಗಟ್ಟಿಪಟ್ಟೆಯನ್ನು ಕತ್ತರಿಸಿ ಮೆತ್ತನೆಯ ಪಟ್ಟೆಯನ್ನು ಕತ್ತರಿಸದೆ ಅಮುಕಿಬಿಡುತ್ತದೆ. ಮುಂದೆ ಬಣ್ಣದ ಹಸಿ ತಾಕಿದಾಗ ಆ ಅಮುಕಿದ ಭಾಗ ಉಬ್ಬಿ ಹಲಗೆಯ ಮೈ ಅಲೆಯಲೆಯಾಗುತ್ತದೆ. ಜಾಲಿ, ಸಾಗವಾನಿಗಳ ಮೇಲೆ ತಕ್ಕಮಟ್ಟಿಗೆ ನಡೆಯುವ ಧಾರೆ ಪೈನಿನ ಮೇಲೆ ನಡೆಯದು. ಮರ ಮೆತ್ತಗಿದ್ದಷ್ಟೂ ಅಲಗು ಹರಿತವಾಗಿರಬೇಕು ಎಂಬ ಈ ತಿರುವು ಮುರುವಾದ ಸತ್ಯವನ್ನು ಯಜಮಾನರು ಒಪ್ಪಿರಲಿಲ್ಲ. ಅವರ ಮಟ್ಟಿಗೆ ದೋಷ ಮರದ್ದೇ.

ಒಪ್ಪಿದವರು ಅದೇ ಓಣಿಯ ಕೊನೆಯಲ್ಲಿದ್ದ ಒಬ್ಬ ಮುದುಕರು, ಎಲ್ಲರೂ ಚಾಚಾ ಎನ್ನುತ್ತಿದ್ದವರು. ಮುಂಬಯಿ ಕಡೆಯ ಎರಕದ ಕಾರ್ಖಾನೆಗಳಲ್ಲಿ ಅಚ್ಚಿನ ಮೇಸ್ತ್ರಿಯಾಗಿ ದುಡಿದು ಊರಿಗೆ ಮರಳಿದ್ದರು. ಕಬ್ಬಿಣವನ್ನು ಎರಕ ಹೊಯ್ಯುವ ಮೊದಲು ಬೇಕಾದ ಆಕಾರವನ್ನು ಮರದಲ್ಲಿ ಮಾಡಿ, ಅದನ್ನು ಮರಳಿನಲ್ಲಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಆ ಮರದ ಅಚ್ಚಿಗೆ ನೇರ ನಾರಿನ, ಸುಲಭವಾಗಿ ಕೆತ್ತಬಹುದಾದ, ಅಳತೆ ಕೆಡದ ಕಟ್ಟಿಗೆ ಬೇಕಾಗುವುದರಿಂದ ಸಾಗವಾನಿಯ ಜೊತೆ ಪೈನ್, ದೇವದಾರುಗಳಿಗೂ ಅಲ್ಲಿ ಸ್ಥಾನವಿತ್ತು. ಕಾದ ಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಅಂದರೆ ಅಡಿಗೆ ಒಂದು ಸೂತು. ಬಡಗಿಗಳ ಲೆಕ್ಕದಲ್ಲಿ ಸೂತು ಎಂದರೆ ಅಂಗುಲದ ಎಂಟನೆಯ ಒಂದು ಭಾಗ. ಆದ್ದರಿಂದ ಚಾಚಾ ಬಳಿಯಿದ್ದ ಅಳತೆಪಟ್ಟಿ ಅಡಿಗೆ ಒಂದು ಸೂತು ಹೆಚ್ಚು ಉದ್ದವಿತ್ತು. ಓಣಿಯ ಹುಡುಗರಿಗೆ ಅದು ಸುಳ್ಳು ಪಟ್ಟಿಯಾಗಿ ಕಂಡರೂ ಚಾಚಾ ಅದನ್ನು ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಹಲಗೆ ಕಿತ್ತುಬರುತ್ತದೆ ಎಂದು ದೂರಿದವರಿಗೆ ಅವರು ತಮ್ಮ ದಖನಿ ಬೆರೆತ ಕನ್ನಡದಲ್ಲಿ ಕೊಡುತ್ತಿದ್ದ ಉತ್ತರ ಒಂದೇ: “ಕಟ್ಟಿಗಿಗಿ ಬೈಬ್ಯಾಡ ಬೇಟಾ, ಮೊದಲ ಧಾರ ನೋಡು.”

ಪೈನಿನ ಗಂಟುಗಳ ವಿಚಾರವನ್ನೂ ಅವರಷ್ಟು ಬಿಡಿಸಿ ಹೇಳಿದವರು ಆ ಊರಿನಲ್ಲಿ ಬೇರೆ ಇರಲಿಲ್ಲ. ಜೀವಂತ ಕೊಂಬೆ ಕಾಂಡದೊಳಗೆ ಸೇರಿ ಬೆಳೆದ ಗಂಟು ಸುತ್ತಲ ನಾರಿನೊಡನೆ ಕೂಡಿಕೊಂಡಿರುತ್ತದೆ. ಸತ್ತ ಕೊಂಬೆಯ ಸುತ್ತ ಮರ ಬೆಳೆದುಕೊಂಡಾಗ ಆಗುವ ಗಂಟು ಕರಿಯ ತೊಗಟೆಯ ಬಳೆಯೊಳಗೆ ಸಡಿಲವಾಗಿದ್ದು, ಹಲಗೆ ಒಣಗಿದ ಮೇಲೆ ಕಳಚಿ ಬಿದ್ದು ತೂತು ಬಿಡುತ್ತದೆ. ಮೊದಲನೆಯದನ್ನು ಉಳಿಸಿಕೊಳ್ಳಬಹುದು, ಎರಡನೆಯದನ್ನು ಕೊರೆದು ತೆಗೆದು ಬಿರಡೆ ಹಾಕಬೇಕು. ಇನ್ನೊಂದು ತೊಂದರೆ ರಾಳದ್ದು. ಪೈನಿನ ಮೈಯಲ್ಲಿ ಹರಿಯುವ ರಾಳನಾಳಗಳು ಗಂಟಿನ ಸುತ್ತ ದಟ್ಟವಾಗಿರುವುದರಿಂದ, ಬಿಸಿಲಿಗೆ ಬಿಟ್ಟ ಬಾಗಿಲಿನ ಬಣ್ಣವನ್ನು ತೂರಿಕೊಂಡು ಹಳದಿ ಕಲೆ ಹೊರಬರುತ್ತದೆ. ಎಷ್ಟು ಸಲ ಬಣ್ಣ ಹಚ್ಚಿದರೂ ಅದು ನಿಲ್ಲದು. ಚಾಚಾ ಗಂಟಿನ ಮೇಲೆ ಮೊದಲು ಚಪಡಾವನ್ನು, ಅಂದರೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ದ್ರಾವಣವನ್ನು, ಎರಡು ಮೂರು ಸಲ ತೆಳುವಾಗಿ ಸವರುತ್ತಿದ್ದರು. ರಾಳ ಅರಗನ್ನು ಕರಗಿಸಲಾರದು, ಆದ್ದರಿಂದ ಅಲ್ಲೇ ತಡೆದು ನಿಲ್ಲುತ್ತದೆ. ಬಣ್ಣ ತೆಳುಮಾಡಲು ಅದೇ ಓಣಿಯವರು ಕೊಳ್ಳುತ್ತಿದ್ದ ಟರ್ಪೆಂಟೈನ್ ಚೀರ್ ಪೈನಿನ ಕಾಂಡಕ್ಕೆ ಗಾಯ ಮಾಡಿ ಇಳಿಸಿದ ರಾಳವನ್ನು ಬಟ್ಟಿ ಇಳಿಸಿ ತೆಗೆದದ್ದು ಎಂಬುದನ್ನೂ, ಬಟ್ಟಿಯ ತಳದಲ್ಲಿ ಉಳಿಯುವ ಗಟ್ಟಿ ಪದಾರ್ಥವೇ ಅಂಗಡಿಯ ರಾಳ ಎಂಬುದನ್ನೂ ಅವರೇ ತಿಳಿಸಿದ್ದರು. ಅಲಗಿಗೆ ಅಂಟಿದ ರಾಳಕ್ಕೆ ಸೀಮೆಎಣ್ಣೆಯ ಬಟ್ಟೆ, ಹಲಗೆಯ ತುದಿಯಲ್ಲಿ ಮೊಳೆ ಹೊಡೆಯುವ ಮೊದಲು ಮೊಳೆಯ ಚೂಪನ್ನು ಸುತ್ತಿಗೆಯಿಂದ ಮೊಂಡು ಮಾಡುವುದು (ಚೂಪು ನಾರನ್ನು ಸೀಳಿ ತಳ್ಳುತ್ತದೆ, ಮೊಂಡು ನಾರನ್ನು ಒತ್ತಿ ಹರಿದು ಒಳಹೋಗುತ್ತದೆ), ಇಂಥವೆಲ್ಲ ಅವರ ಪಾಠಗಳು.

ಓಣಿಯಲ್ಲಿ ಪೈನಿಗಿದ್ದ ನಿಜವಾದ ಬೇಡಿಕೆಯನ್ನು ಯಜಮಾನರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೊಹರಮ್ಮಿನ ಹೊತ್ತಿಗೆ ತಾಬೂತು ಕಟ್ಟುವವರು ಹಗುರವಾದ ನೇರ ಪಟ್ಟಿಗಳನ್ನು ಕೇಳಿಕೊಂಡು ಬರುತ್ತಿದ್ದರು. ಭಜನೆಯವರ ಪೇಟಿಯ, ಅಂದರೆ ಹಾರ್ಮೋನಿಯಂನ, ಒಡೆದ ಹಿಂಬದಿಗೆ ತೆಳುಹಲಗೆ ಬೇಕಾಗುತ್ತಿತ್ತು. ಕಟ್ಟಡದವರು ಸಿಮೆಂಟ್ ಹೊಯ್ಯುವ ಸೆಂಟ್ರಿಂಗ್ ಪೆಟ್ಟಿಗೆಗೆ ಒಯ್ಯುತ್ತಿದ್ದರು. ಕಲ್ಲಿನ ಖಣಿಯ ಕೂಲಿಯವರು ಗುಡಿಸಲಿನ ಬಾಗಿಲಿಗೆ, ತೊಟ್ಟಿಲಿಗೆ, ಮಕ್ಕಳ ಪಾಟಿ ಇಡುವ ಹಲಗೆಗೆ ಇದನ್ನೇ ಕೊಳ್ಳುತ್ತಿದ್ದರು. ಪಿಟೀಲಿನ ಎದೆಹಲಗೆಯನ್ನು ಪ್ರಪಂಚದಾದ್ಯಂತ ಮಾಡುವುದು ಸ್ಪ್ರೂಸಿನಿಂದ, ಅಂದರೆ ಇದೇ ಬಳಗದ ಹಗುರವಾದ, ನೇರನಾರಿನ ಮರದಿಂದ; ಪೇಟಿಯ ಹಿಂಬದಿ ಸರಿಪಡಿಸಿದಾಗ ಅದರ ದನಿ ಬಿಚ್ಚಿಕೊಂಡಿತೆಂದು ಭಜನೆಯವರು ಹೇಳುತ್ತಿದ್ದುದಕ್ಕೆ ಆಧಾರವಿತ್ತು.

ಯಜಮಾನರ ತಾತ್ಸಾರಕ್ಕೂ ಆಧಾರ ಇಲ್ಲದಿರಲಿಲ್ಲ. ಈ ಸೀಮೆಯ ಬೇಸಿಗೆ ಮರವನ್ನು ಹಿಂಡುವ ಬೇಸಿಗೆ. ನಲವತ್ತು ಡಿಗ್ರಿ ಮೀರಿದ ಒಣಗಾಳಿಯಲ್ಲಿ ಮರದೊಳಗಿನ ತೇವ ನೂರಕ್ಕೆ ಆರೇಳರವರೆಗೆ ಇಳಿಯಬಹುದು, ಮಳೆಗಾಲದಲ್ಲಿ ಹದಿಮೂರು ಹದಿನಾಲ್ಕಕ್ಕೆ ಏರಬಹುದು. ಮರದ ತೇವ ಸುಮಾರು 28ರಿಂದ 30ಕ್ಕಿಂತ ಕೆಳಗಿಳಿದ ಮೇಲೆಯೇ ಅದು ಕುಗ್ಗಲು ತೊಡಗುತ್ತದೆ, ಉಂಗುರದ ಗುಂಟ ಕುಗ್ಗುವ ಪ್ರಮಾಣ ಉಂಗುರಕ್ಕೆ ಅಡ್ಡವಾಗಿ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟಿರುತ್ತದೆ. ತೇವ 16 ಇದ್ದಾಗ ಬಿಗಿದು ಕೂಡಿಸಿದ ಎಂಟು ಅಂಗುಲ ಅಗಲದ, ಉಂಗುರದ ಗುಂಟ ಕೊಯ್ದ ಪೈನ್ ಹಲಗೆ ತೇವ ಎಂಟಕ್ಕೆ ಇಳಿದಾಗ ಸುಮಾರು ನಾಲ್ಕು ಮಿಲಿಮೀಟರ್ ಕಡಿಮೆಯಾಗುತ್ತದೆ, ಅಂದರೆ ಒಂದು ಸೂತಿಗಿಂತ ಹೆಚ್ಚು. ಮಳೆಗಾಲದಲ್ಲಿ ಒಡೆದ ಖೋಕಾದಿಂದ ಮಾಡಿದ ಬಾಗಿಲಲ್ಲಿ ಮರುವರ್ಷದ ಬೇಸಿಗೆಗೆ ಹೊರಗಿನ ಬೆಳಕು ಕಾಣುತ್ತಿದ್ದುದು ಈ ಲೆಕ್ಕದಿಂದ. ಸಾಗವಾನಿಯ ಕುಗ್ಗು ಇದಕ್ಕಿಂತ ಕಡಿಮೆ. ಆದರೆ ಯಜಮಾನರೇ ವಾಡೆಯ ಬಾಗಿಲುಗಳಲ್ಲಿ ಮಾಡುತ್ತಿದ್ದಂತೆ ಚೌಕಟ್ಟಿಗೆ ತೋಡು ಕೊರೆದು, ನಡುಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂಡಿಸಿದ್ದರೆ ಪೈನಿನ ಬಾಗಿಲೂ ತಾಳುತ್ತಿತ್ತು. ಅಗ್ಗದ ಮರಕ್ಕೆ ಅಗ್ಗದ ಜೋಡಣೆ ಸಾಕೆಂದು ನೇರವಾಗಿ ಮೊಳೆ ಹೊಡೆದ ಬಾಗಿಲು ಬಿರಿದಾಗ ಹೆಸರು ಕೆಟ್ಟದ್ದು ಮರದ್ದು.

ಗೆದ್ದಲಿನ ಮಾತು ಬೇರೆ. ಅಲ್ಲಿ ಯಜಮಾನರ ಮಾತು ಸರಿಯಾಗಿತ್ತು. ಸಾಗವಾನಿಯ ತಿರುಳಿಗೂ ದೇವದಾರಿನ ಎಣ್ಣೆಗಂಪಿನ ತಿರುಳಿಗೂ ಹುಳ ಸುಲಭವಾಗಿ ಬಾಯಿ ಹಾಕುವುದಿಲ್ಲ, ಆದರೆ ಸಂಸ್ಕರಿಸದ ಪೈನ್, ಸ್ಪ್ರೂಸ್‌ಗಳಿಗೆ ಆ ರಕ್ಷಣೆ ಇಲ್ಲ. ಚಿತ್ತಾಪುರದ ಕರಿನೆಲದ ಮೇಲಾಗಲಿ ಚಿಂಚೋಳಿಯ ಕೆಂಪುನೆಲದ ಮೇಲಾಗಲಿ ನೆಲಕ್ಕೆ ತಾಗಿ ನಿಂತ ಪೈನ್ ಚೌಕಟ್ಟು ಒಳಗಿಂದೊಳಗೆ ಮಣ್ಣಾಗಿಬಿಡುತ್ತದೆ. ಇದಕ್ಕೆ ಪರಿಹಾರ ಕಂಡುಹಿಡಿದದ್ದು ಭಾರತದಲ್ಲೇ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶನ್ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ಮಿಶ್ರಣವೊಂದನ್ನು ರೂಪಿಸಿದರು. ಒತ್ತಡದಲ್ಲಿ ಮರದೊಳಗೆ ನುಗ್ಗಿಸಿದಾಗ ಕ್ರೋಮಿಯಂ ಉಳಿದೆರಡನ್ನು ನಾರಿಗೆ ಕಚ್ಚಿಸಿಬಿಡುವುದರಿಂದ ಮಳೆಗೆ ತೊಳೆದುಹೋಗುವುದು ಕಡಿಮೆ. ‘ಆಸ್ಕು’ ಎಂಬ ಹೆಸರಿನಲ್ಲಿ ಪ್ರಪಂಚವೆಲ್ಲ ಹರಡಿದ ಈ ವಿಧಾನದ ದೆಸೆಯಿಂದ ಪೈನ್ ಎಷ್ಟೋ ದೇಶಗಳಲ್ಲಿ ಬೇಲಿಗೂ ಕಂಬಕ್ಕೂ ಬಳಕೆಗೆ ಬಂತು. ಆದರೆ ಅದರಲ್ಲಿರುವ ಆರ್ಸೆನಿಕ್ ವಿಷ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಕಟ್ಟಿಗೆಗೆ ಇದನ್ನು ಹಾಕುವುದನ್ನು ನಿಲ್ಲಿಸಿದರು.

ಆ ಓಣಿಯ ನೆನಪಿನಲ್ಲಿ ಮಮತೆಯಿಂದ ನೋಡಲಾಗದ ಸಂಗತಿ ಒಂದಿದ್ದರೆ ಅದು ಇಲ್ಲಿದೆ. ಯಾವ ಹಲಗೆಗೆ ಯಾವ ಔಷಧ ಹಾಕಿದೆ ಎಂದು ಆಗ ಯಾರೂ ಕೇಳಲಿಲ್ಲ, ಹೇಳುವವರೂ ಇರಲಿಲ್ಲ. ಆ ಲವಣಗಳ ಹಸಿರು ಛಾಯೆ ಇದ್ದ ತುಂಡುಗಳೂ ಕ್ರಿಯೋಸೋಟ್ ಕುಡಿದ ಸ್ಲೀಪರಿನ ಚಕ್ಕೆಗಳೂ ಚೆನ್ನಾಗಿ ಉರಿಯುತ್ತವೆ ಎಂಬ ಕಾರಣಕ್ಕೆ ಒಲೆ ಸೇರುತ್ತಿದ್ದವು. ಆ ಬೆಂಕಿಯ ಮೇಲೆ ರೊಟ್ಟಿ ಬೇಯುತ್ತಿತ್ತು, ಆ ಹೊಗೆಯನ್ನು ಹೆಚ್ಚು ಉಂಡವರು ಮೊಳೆ ನೆಟ್ಟಗೆ ಮಾಡುವ ಹುಡುಗಿಯೂ ಅವಳ ತಾಯಿಯೂ. ಆ ಹಸಿರು ಛಾಯೆಯ ಕಟ್ಟಿಗೆಯನ್ನು ಸುಟ್ಟ ಬೂದಿಯಲ್ಲಿ ಆರ್ಸೆನಿಕ್ ಉಳಿಯುತ್ತದೆ, ಅದೇ ಬೂದಿಯಿಂದ ಆ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಅಗ್ಗದ ಕಟ್ಟಿಗೆಯ ನಿಜವಾದ ಬೆಲೆಯನ್ನು ಯಾರು ತೆತ್ತರು ಎಂದು ಕೇಳುವವರು ಈ ಒಲೆಯನ್ನು ಬಿಟ್ಟು ಲೆಕ್ಕ ಹಾಕಬಾರದು.

ಯಜಮಾನರ ಸಾಗವಾನಿ ಭಕ್ತಿಯನ್ನೂ ಈಗ ಬೇರೆ ಕಣ್ಣಿನಿಂದ ನೋಡಬೇಕಾಗಿದೆ. ಅವರ ಕೈಯಿಂದ ಬಂದ ಬಾಗಿಲುಗಳು ಇಂದಿಗೂ ಸಂದು ಬಿಡದೆ ನಿಂತಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮರಗಳಲ್ಲಿ ಮೇಲುಕೀಳು ಎಣಿಸುವ ಅವರ ಕ್ರಮ ಗಿರಾಕಿಗಳಲ್ಲಿ ಮೇಲುಕೀಳು ಎಣಿಸುವ ಕ್ರಮದೊಡನೆ ಹೆಣೆದುಕೊಂಡಿತ್ತು: ವಾಡೆಯವರಿಗೆ ಕುಳಿ ತೋಡಿ ನಾಲಿಗೆ ಕೂಡಿಸುವ ಜೋಡಣೆ, ಖಣಿಯವರಿಗೆ ಮೊಳೆ. ಖಣಿಯ ಕೂಲಿಯವನು ಕೊಟ್ಟ ದುಡ್ಡಿಗೆ ಅಷ್ಟೇ ಆಗುತ್ತಿತ್ತು ಎನ್ನಬಹುದು. ಆದರೂ ಅದೇ ದುಡ್ಡಿಗೆ ಚಾಚಾ ಅರ್ಧ ದಿನ ಹೆಚ್ಚು ಕೂತು, ತೊಟ್ಟಿಲ ಹಲಗೆಯ ಅಂಚನ್ನು ಮಗುವಿನ ಕೈಗೆ ಸಿಬಿರು ತಾಗದಂತೆ ಉಜ್ಜಿ, ಅಗಸೆ ಎಣ್ಣೆ ತಿಕ್ಕಿ ಕೊಡುತ್ತಿದ್ದುದನ್ನು ಕಂಡವರಿಗೆ ಆ ಸಮಾಧಾನ ಸಾಲದು. ಚಾಚಾ ಬಡವರಾಗಿಯೇ ತೀರಿಕೊಂಡರು ಎಂಬುದನ್ನೂ ಇಲ್ಲಿ ಸೇರಿಸಬೇಕು. ಅವರ ಕೆಲಸದ ಕ್ರಮದಿಂದ ಮನೆ ನಡೆಯುವುದು ಕಷ್ಟವಿತ್ತು.

ಸಾಗವಾನಿಯ ಕಾಲವೂ ಹಾಗೇ ಉಳಿಯಲಿಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡನ್ನು ಆದಾಯದ ಮೂಲವೆಂದು ನೋಡುವುದನ್ನು ಬಿಟ್ಟು ಅದರ ಉಳಿವನ್ನು ಮುಂದಿಟ್ಟಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ಕೊಟ್ಟ ಆದೇಶದಿಂದ ಕಾಡಿನ ಕಡಿತದ ಮೇಲಿನ ನಿರ್ಬಂಧ ಬಿಗಿಯಾಯಿತು. 2011ರಲ್ಲಿ ಚಿಂಚೋಳಿಯ ಕಾಡು ವನ್ಯಜೀವಿಧಾಮವಾಯಿತು. ಆ ಕಾಡಿನ ಮೇಲೆ ಮುನ್ನೂರು ಹಳ್ಳಿಗಳ ಬಾಗಿಲಿನ ಭಾರ ಹೇರುವ ಹಾಗಿಲ್ಲ ಎಂಬುದು ಒಳ್ಳೆಯ ಮಾತೇ. ಅದರ ಜಾಗಕ್ಕೆ ಬಂದದ್ದು ಆಮದು ಮರ. ಕ್ಯಾಲಿಫೋರ್ನಿಯ ಮೂಲದ, ನ್ಯೂಜಿಲೆಂಡಿನಲ್ಲಿ ಲಕ್ಷಾಂತರ ಎಕರೆಗಳಲ್ಲಿ ನೆಟ್ಟು ಬೆಳೆಸಿದ ರೇಡಿಯೇಟಾ ಪೈನ್ ಗುಜರಾತಿನ ಕಾಂಡ್ಲಾ ಬಂದರಿಗೆ ದಿಮ್ಮಿಯಾಗಿ ಇಳಿದು, ಗಾಂಧಿಧಾಮದ ಗಿರಣಿಗಳಲ್ಲಿ ಹಲಗೆಯಾಗಿ, ಲಾರಿಯಲ್ಲಿ ಇತ್ತ ಬರುತ್ತದೆ. ಇಪ್ಪತ್ತೈದು ಮೂವತ್ತು ವರ್ಷಕ್ಕೆ ಕಡಿಯುವ ಈ ಮರದ ಉಂಗುರ ಅಗಲ, ನಟ್ಟನಡುವಿನ ಎಳೆಯ ಭಾಗ ಒಣಗುವಾಗ ತಿರುಚಿಕೊಳ್ಳುವ ಸ್ವಭಾವದ್ದು. ಆದ್ದರಿಂದ ತಿರುಳಿನ ಚುಕ್ಕೆ ಇರುವ ಹಲಗೆಯನ್ನು ಚೌಕಟ್ಟಿಗೆ ಆರಿಸಬಾರದು. ಕೆಲವು ಹಲಗೆಗಳ ಮೇಲಿನ ನೀಲಿ ಗೆರೆ ಹಸಿಯಿದ್ದಾಗ ಹಿಡಿದ ಬೂಷ್ಟಿನದು. ಅದರಿಂದ ಅಂದ ಕೆಡುತ್ತದೆಯೇ ಹೊರತು ಬಲ ಹೇಳುವಷ್ಟು ಕುಂದುವುದಿಲ್ಲ, ಬಣ್ಣ ಹಚ್ಚುವ ಕೆಲಸಕ್ಕೆ ಕಡಿಮೆ ಬೆಲೆಯಲ್ಲಿ ಕೇಳಿ ಕೊಳ್ಳಬಹುದು.

ಖೋಕಾಗಳು ಈಗಲೂ ಬರುತ್ತವೆ, ಆದರೆ ಅವುಗಳ ಮೈಮೇಲೆ ಗುರುತಿದೆ. ಒಂದು ದೇಶದ ಹುಳ ಇನ್ನೊಂದು ದೇಶದ ಕಾಡಿಗೆ ಹೋಗದಿರಲೆಂದು 2002ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ನಿಯಮದಂತೆ, ಗಡಿ ದಾಟುವ ಪೆಟ್ಟಿಗೆಯ ಕಟ್ಟಿಗೆಯನ್ನು ತಿರುಳಿನವರೆಗೂ 56 ಡಿಗ್ರಿ ಶಾಖ ತಲುಪಿ 30 ನಿಮಿಷ ನಿಲ್ಲುವಂತೆ ಕಾಯಿಸಬೇಕು, ಇಲ್ಲವೇ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಬೇಕು. ಕಾಯಿಸಿದ್ದಕ್ಕೆ ‘ಎಚ್‌ಟಿ’, ಹೊಗೆ ಹಾಕಿದ್ದಕ್ಕೆ ‘ಎಂಬಿ’ ಎಂಬ ಇಂಗ್ಲಿಷ್ ಅಕ್ಷರಗಳನ್ನು ತೆನೆಯಂಥ ಒಂದು ಚಿತ್ರದ ಪಕ್ಕದಲ್ಲಿ ಸುಟ್ಟು ಒತ್ತಿರುತ್ತಾರೆ. ಶಾಖಕ್ಕೆ ಹುಳದ ಮೊಟ್ಟೆ ಸಾಯುತ್ತದೆ, ಆದರೆ ಮುಂದೆ ಗೆದ್ದಲು ಬರದಂತೆ ತಡೆಯುವ ಗುಣ ಅದರಿಂದ ಬರುವುದಿಲ್ಲ. ಈ ಎರಡನ್ನೂ ಒಂದೇ ಎಂದು ಮಾರುವವರಿದ್ದಾರೆ, ಕೊಳ್ಳುವವರು ಎಚ್ಚರವಿರಬೇಕು. ‘ಎಂಬಿ’ ಗುರುತಿನದನ್ನೂ, ಗುರುತೇ ಇಲ್ಲದೆ ಹಸಿರಾಗಿರುವುದನ್ನೂ ತೊಟ್ಟಿಲು, ಅಡುಗೆಮನೆ, ಒಲೆ ಈ ಮೂರರಿಂದ ದೂರವಿಡಬೇಕು.

ವಾಡಿಯ ಆ ಚಪ್ಪರ ಈಗಿಲ್ಲ. ಯಜಮಾನರ ಗಂಡುಮಕ್ಕಳು ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೆ ಹೋದರು. ಓಣಿಯ ಬಡಿಗತನವನ್ನು ಈಗ ನಡೆಸುತ್ತಿರುವವರು ಹೆಚ್ಚಾಗಿ ರಾಜಸ್ಥಾನ, ಬಿಹಾರಗಳಿಂದ ಬಂದ ಹುಡುಗರು, ಅವರ ಕೈಯಲ್ಲಿ ವಿದ್ಯುತ್ ರಂದಾ, ಸ್ಕ್ರೂ ಹೊಡೆಯುವ ಯಂತ್ರ. ಹಿರಿಯ ಮಗಳು ಮದುವೆಯಾಗಿ ಸೇಡಂ ಕಡೆಯ ಹಳ್ಳಿಗೆ ಹೋಗಿ, ಗಂಡ ತೀರಿದ ಮೇಲೆ ಮನೆಯ ಮುಂದೆಯೇ ಕೆಲಸ ಹೂಡಿದ್ದಾಳೆ. ಸಿಮೆಂಟ್ ಕಾರ್ಖಾನೆಯ ಕಡೆಯಿಂದ ಗುಜರಿಗೆ ಬರುವ ಪ್ಯಾಲೆಟ್ಟುಗಳಲ್ಲಿ ‘ಎಚ್‌ಟಿ’ ಒತ್ತಿದವನ್ನು ಮಾತ್ರ ಆರಿಸಿ, ಒಡೆದ ಹಲಗೆಗಳನ್ನು ನಡುವೆ ಪಟ್ಟಿ ಕೊಟ್ಟು ಚಾವಣಿಯ ನೆರಳಲ್ಲಿ ಒಂದು ಬೇಸಿಗೆ ಒಟ್ಟಿಟ್ಟು, ಆಮೇಲೆ ಅಂಗನವಾಡಿ ಮಕ್ಕಳು ಕುಳಿತು ಬರೆಯುವ ಮಣೆ, ಹಾಲಿನ ಡೇರಿಯವರ ಕಪಾಟು, ತೊಟ್ಟಿಲು ಮಾಡಿಕೊಡುತ್ತಾಳೆ. ಗೋಡೆಗೆ ನಿಲ್ಲುವ ಕಪಾಟಿನ ಕಾಲಡಿಗೆ ಫರ್ಷಿಯ ಬಿಲ್ಲೆ ಅಂಟಿಸಿ ನೆಲದ ತೇವವೂ ಗೆದ್ದಲೂ ನೇರವಾಗಿ ಹತ್ತದಂತೆ ಮಾಡುವುದು ಅವಳ ಸ್ವಂತ ಯುಕ್ತಿ. ಮಣೆಯೊಂದಕ್ಕೆ ಎಷ್ಟು ಕೂಲಿ ಎಂಬುದನ್ನು ಮೊದಲೇ ಹೇಳಿ, ಚೀಟಿಯಲ್ಲಿ ಬರೆದುಕೊಂಡ ಮೇಲೆಯೇ ಅವಳು ಅಳತೆ ತೆಗೆಯುತ್ತಾಳೆ.